ತಂತಿಯ ಉದ್ದವೂ ಯಂತ್ರದ ತಾಳ್ಮೆಯೂ

ಕಳೆದ ಬೇಸಗೆಯಲ್ಲಿ ನಾನು ಕಲಬುರಗಿಯಿಂದ ಕಮಲಾಪುರದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆನು. ಅಕ್ಕನ ಮಗಳು ನೆರೆಹೊರೆಯ ಮಕ್ಕಳಿಗೆ ಗಣಿತವನ್ನು ಹೇಳಿಕೊಡುವಳು. ಪಡಸಾಲೆಯಲ್ಲಿ ಕಪ್ಪುಹಲಗೆ, ಒಳಕೋಣೆಯಲ್ಲಿ ಗಣಕಯಂತ್ರ. ಹಲಗೆಯ ಮುಂದೊಂದು ಕ್ಯಾಮೆರಾವನ್ನಿಟ್ಟು, ಕಲಬುರಗಿಯ ಕೆಲವು ಬಾಲಕಿಯರಿಗೂ ಆ ಪಾಠವನ್ನು ಅಂತರ್ಜಾಲದ ಮೂಲಕ ತೋರಿಸಬೇಕೆಂಬುದು ಅವಳ ಹಂಬಲ. ಅದಕ್ಕಾಗಿ 10 ಮೀಟರು ಉದ್ದದ ಯು.ಎಸ್.ಬಿ. ಕೇಬಲನ್ನು ಕೊಂಡು ತಂದಿದ್ದಳು. ಆದರೆ ಚಿತ್ರವು ಒಂದು ಗಳಿಗೆ ಮೂಡುವುದು, ಮರುಗಳಿಗೆ ಮಾಯವಾಗುವುದು. "ಹೆಣ್ಣುಮಕ್ಕಳಿಗೆ ಯಂತ್ರದ ಗೊಡವೆ ಏತಕ್ಕೆ?" ಎಂದು ನೋಡಿದವರೊಬ್ಬರು ನಕ್ಕರಂತೆ. ಅವಳು ಆ ಮಾತನ್ನು ನಂಬಿ ಕ್ಯಾಮೆರಾವನ್ನು ಪೆಟ್ಟಿಗೆಯೊಳಗಿಟ್ಟುಬಿಟ್ಟಿದ್ದಳು.

ವಾಸ್ತವವಾಗಿ ದೋಷವಿದ್ದುದು ಕೇಬಲಿನ ಉದ್ದದಲ್ಲಿ. ಅದು ಹೇಗೆಂಬುದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶವು.

ಯು.ಎಸ್.ಬಿ. ಎಂಬ ಜೋಡಣೆಯ ಪದ್ಧತಿಯು 1996ರಲ್ಲಿ ಪ್ರಕಟವಾಯಿತು. ಅದನ್ನು ರೂಪಿಸಿದವರಲ್ಲಿ, ಬರೋಡೆಯಲ್ಲಿ ವಿದ್ಯಾಭ್ಯಾಸ ಮಾಡಿದ ಅಜಯ್ ಭಟ್ಟರು ಪ್ರಮುಖರು. ಅದಕ್ಕೆ ಮುಂಚೆ ಕೀಲಿಮಣೆಗೊಂದು, ಮುದ್ರಣಯಂತ್ರಕ್ಕೊಂದು ಬೇರೆ ಬೇರೆ ಬಗೆಯ ಕಿಂಡಿಗಳು ಬೇಕಾಗಿದ್ದವು. ಮೇಜಿನ ಮೇಲಿನ ಸಾಧನಗಳಿಗೆಲ್ಲ ಒಂದೇ ಬಗೆಯ ಕಿಂಡಿಯನ್ನು ಒದಗಿಸುವುದೇ ಇದರ ಗುರಿಯಾಗಿತ್ತು. 2000ದಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಕೇಬಲಿನ ಉದ್ದಕ್ಕೆ 5 ಮೀಟರಿನ ಮಿತಿಯಿದೆ; ಮುಂದೆ ಬಂದ ಹೆಚ್ಚು ವೇಗದ ಆವೃತ್ತಿಗಳಲ್ಲಿ ಅದು ಇನ್ನೂ ಕಡಿಮೆ. ಮೇಜಿಗೆಂದು ಹುಟ್ಟಿದ ವಸ್ತುವನ್ನು ಮನೆಯುದ್ದಕ್ಕೂ ಎಳೆದರೆ ಮೂರು ತೊಡಕುಗಳು ಒದಗುತ್ತವೆ.

ಮೊದಲನೆಯದು ವಿದ್ಯುಚ್ಛಕ್ತಿಯ ನಷ್ಟ. ಈ ಕಿಂಡಿಯಿಂದ ಹೊರಡುವ ಒತ್ತಡವು 5 ವೋಲ್ಟು. ತೆಳುವಾದ ತಾಮ್ರದ ತಂತಿಯು ಮೀಟರಿಗೆ ಸುಮಾರು 0.2 ಓಮ್ ಪ್ರತಿರೋಧವನ್ನು ಒಡ್ಡುವುದು. 10 ಮೀಟರಿನ ಕೇಬಲಿನಲ್ಲಿ ವಿದ್ಯುತ್ತು ಹೋಗಿ ಬರುವ ಹಾದಿ 20 ಮೀಟರು. ಆದುದರಿಂದ ಪ್ರತಿರೋಧವು 4 ಓಮ್. ಸಾಧನವು ಅರ್ಧ ಆಂಪಿಯರು ಸೆಳೆದರೆ 2 ವೋಲ್ಟು ದಾರಿಯಲ್ಲಿಯೇ ಕರಗಿ, ತುದಿಗೆ 3 ವೋಲ್ಟು ಮಾತ್ರ ಮುಟ್ಟುವುದು.

ಎರಡನೆಯದು ಸಂಕೇತಗಳ ಮಸುಕು. ಈ ಕೇಬಲಿನಲ್ಲಿ ಸೆಕೆಂಡಿಗೆ 48 ಕೋಟಿ ಸಂಕೇತಗಳು ಸಾಗಬಲ್ಲವು. ಉದ್ದ ಹೆಚ್ಚಿದಂತೆ ಅವು ಕ್ಷೀಣಿಸಿ ಒಂದರೊಳಗೊಂದು ಕಲೆತುಹೋಗುವುವು. ಬಲವನ್ನು ಹೆಚ್ಚಿಸಿದರೆ ಸಾಲದೆ ಎಂದು ಕೇಳಬಹುದು. 1858ರಲ್ಲಿ ಅಟ್ಲಾಂಟಿಕ್ ಸಾಗರದಡಿಯಲ್ಲಿ ಹಾಕಿದ ಟೆಲಿಗ್ರಾಫ್ ತಂತಿಗೆ ಹಾಗೆಯೇ ಬಲವಾದ ವಿದ್ಯುತ್ತನ್ನು ನುಗ್ಗಿಸಿದರು. ಕೆಲವೇ ವಾರಗಳಲ್ಲಿ ಅದು ಕೆಟ್ಟುಹೋಯಿತು. ಉತ್ತಮವಾದ ತಂತಿಯಿಂದಲೂ ಸೂಕ್ಷ್ಮವಾದ ಯಂತ್ರಗಳಿಂದಲೂ 1866ರಲ್ಲಿ ಆ ಕಾರ್ಯವು ಕೈಗೂಡಿತು.

ಮೂರನೆಯದೇ ಎಲ್ಲಕ್ಕಿಂತ ಕುತೂಹಲಕರವಾದುದು. ಈ ಪದ್ಧತಿಯಲ್ಲಿ ಗಣಕಯಂತ್ರವು ಕೇಳಿದಾಗ ಮಾತ್ರ ಸಾಧನವು ಉತ್ತರಿಸತಕ್ಕದ್ದು. ಆ ಉತ್ತರಕ್ಕಾಗಿ ಗಣಕಯಂತ್ರವು ಕಾಯುವುದು ಸುಮಾರು ಒಂದೂವರೆ ಮೈಕ್ರೋಸೆಕೆಂಡು, ಅಂದರೆ ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರ ಒಂದೂವರೆ ಪಾಲು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದು. ಒಂದೂವರೆ ಮೈಕ್ರೋಸೆಕೆಂಡಿನಲ್ಲಿ ಅದು 300 ಮೀಟರು ಹೋಗುವುದು. ಹೋಗಿ ಮರಳುವುದಾದರೆ 150 ಮೀಟರು ಮಾತ್ರ. ಕಲಬುರಗಿಯಿಂದ ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ಸುಮಾರು 35 ಕಿಲೋಮೀಟರು. ಹೋಗಿ ಬರಲು ಬೆಳಕಿಗೂ 350 ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ ನಮ್ಮ ಗಣಕಯಂತ್ರದ ತಾಳ್ಮೆಯು ಇನ್ನೂರಕ್ಕಿಂತ ಹೆಚ್ಚು ಬಾರಿ ತೀರಿರುವುದು!

ಇನ್ನು ಪರಿಹಾರಗಳನ್ನು ನೋಡೋಣ. 5 ಮೀಟರಿಗೊಂದರಂತೆ ಹಬ್ ಎಂಬ ಸಾಧನವನ್ನು ಇಟ್ಟರೆ ಅದು ಸಂಕೇತವನ್ನು ಹೊಸದಾಗಿ ಮಾಡಿ ಮುಂದಕ್ಕೆ ಕಳುಹಿಸುವುದು. ಹೀಗೆ ಐದು ಹಬ್ಬುಗಳವರೆಗೆ ಇಟ್ಟು 30 ಮೀಟರು ಮುಟ್ಟಬಹುದು. ಆದರೆ ಅವುಗಳಿಗೆ ಪ್ರತ್ಯೇಕ ವಿದ್ಯುತ್ತನ್ನು ಒದಗಿಸುವುದು ಲೇಸು. ಅದಕ್ಕೂ ದೂರಕ್ಕೆ, ಲ್ಯಾನ್ ಕೇಬಲಿನ ಎರಡು ತುದಿಗಳಿಗೂ ಜೋಡಿಸುವ ಎಕ್ಸ್‌ಟೆಂಡರ್ ಪೆಟ್ಟಿಗೆಗಳುಂಟು; ಇವು 50ರಿಂದ 100 ಮೀಟರುಗಳವರೆಗೆ ಉಪಯೋಗಕ್ಕೆ ಬರುತ್ತವೆ. ಉತ್ತಮವಾದವು "ತುಸು ತಾಳು" ಎಂದು ಸಾಧನದ ಪರವಾಗಿ ತಾವೇ ಉತ್ತರವಿತ್ತು, ಅಷ್ಟರೊಳಗೆ ನಿಜವಾದ ಉತ್ತರವನ್ನು ತರಿಸಿಕೊಳ್ಳುವುವು. ಅಗ್ಗದ ಎಕ್ಸ್‌ಟೆಂಡರುಗಳಲ್ಲಿ ಹಲವು ಹಳೆಯ ನಿಧಾನ ವೇಗದವು. ಅವು ಕೀಲಿಮಣೆಗೆ ಸಾಕಾದರೂ ಕ್ಯಾಮೆರಾಕ್ಕೆ ಸಾಲವು. ಆದಕಾರಣ ಕೊಳ್ಳುವ ಮುನ್ನ ವೇಗವನ್ನು ಕೇಳಿ ತಿಳಿಯಬೇಕು. ಒಂದು ಕಟ್ಟಡದಿಂದ ಮತ್ತೊಂದಕ್ಕೆ ಎಳೆಯುವುದಾದರೆ ಗಾಜಿನ ಎಳೆಯ ಫೈಬರ್ ಉತ್ತಮ. ಗಾಜು ವಿದ್ಯುತ್ತನ್ನು ಹರಿಸದಾದುದರಿಂದ, ಸಿಡಿಲಿನ ಕಾಲದಲ್ಲಿ ತಾಮ್ರದ ತಂತಿಗಿರುವ ಅಪಾಯವು ಅದಕ್ಕಿಲ್ಲ.

ಆದರೆ ಹೆಚ್ಚಿನ ಮನೆಗಳಿಗೆ ಇವಾವುವೂ ಬೇಕಿಲ್ಲ. ಸಾಧನದ ಬಳಿಯಲ್ಲಿಯೇ ಗಣಕಯಂತ್ರವನ್ನಿಟ್ಟು ಯು.ಎಸ್.ಬಿ. ಕೇಬಲನ್ನು ಗಿಡ್ಡವಾಗಿಯೇ ಇರಿಸಿ, ದೂರದ ಭಾರವನ್ನು ಜಾಲಕ್ಕೆ ಬಿಡುವುದೇ ಸುಲಭವಾದ ಮಾರ್ಗವು. ಅಂತರ್ಜಾಲವು ದೂರಕ್ಕೆಂದೇ ನಿರ್ಮಿತವಾದುದು. ಉತ್ತರವು ತಡವಾದರೆ ಕಾಯುವುದು, ಕಳೆದುಹೋದುದನ್ನು ಬೇಕಾದಲ್ಲಿ ಮರಳಿ ತರಿಸಿಕೊಳ್ಳುವುದು.

ಅಕ್ಕನ ಮಗಳೊಡನೆ ಕುಳಿತು ನಾನು ಮೇಲಿನ ಲೆಕ್ಕವನ್ನು ಅದೇ ಕಪ್ಪುಹಲಗೆಯ ಮೇಲೆ ಬರೆದೆನು. ಅವಳು ಅದನ್ನು ಓದಿ, ಒಂದು ಮಾತನ್ನೂ ಆಡದೆ ಎದ್ದು, ಗಣಕಯಂತ್ರವನ್ನು ಪಡಸಾಲೆಗೆ ಹೊತ್ತು ತಂದಳು. ಕ್ಯಾಮೆರಾಕ್ಕೆ 2 ಮೀಟರಿನ ಕೇಬಲು. ಪಡಸಾಲೆಯಿಂದ ಒಳಕೋಣೆಯ ಅಂತರ್ಜಾಲದ ಪೆಟ್ಟಿಗೆಗೆ ಲ್ಯಾನ್ ಕೇಬಲು. ಅಂದು ಸಂಜೆಯೇ ಕಮಲಾಪುರದ ಹಲಗೆಯ ಮೇಲಿನ ಭಿನ್ನರಾಶಿಗಳು ಕಲಬುರಗಿಯ ಬಾಲಕಿಯರಿಗೆ ಸ್ಪಷ್ಟವಾಗಿ ಕಂಡವು.

ತಾಯಿತಂದೆಗಳಲ್ಲಿ ನನ್ನದೊಂದು ಬಿನ್ನಹ. ಯಂತ್ರವು ನಡೆಯದಿದ್ದಾಗ "ನಿನಗೆ ಬಾರದು" ಎಂದು ಮಗಳನ್ನು ಹಿಂದಕ್ಕೆ ಕರೆಯಬೇಡಿರಿ. ಅವಳ ಕೈಗೊಂದು ಅಳತೆಪಟ್ಟಿಯನ್ನು ಕೊಟ್ಟು, ಕಾರಣವನ್ನು ಹುಡುಕಲು ಬಿಡಿರಿ.