ಇಲ್ಲಿ ಒಂದು ವರ್ಷ, ಅಲ್ಲಿ 1,288

ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಏಳು ಕಾದಂಬರಿಗಳಲ್ಲಿ ಎರಡನೆಯದಾಗಿ ಅಚ್ಚಾದದ್ದು 'ಪ್ರಿನ್ಸ್ ಕ್ಯಾಸ್ಪಿಯನ್'. ಶಾಲೆಗೆ ಹೊರಟ ನಾಲ್ವರು ಮಕ್ಕಳು ರೈಲು ನಿಲ್ದಾಣದಲ್ಲಿ ಕೂತಿದ್ದಾರೆ. ಹಿಂದಿನ ವರ್ಷ ಬಟ್ಟೆಯ ಬೀರುವಿನ ಮೂಲಕ ನಾರ್ನಿಯಾಕ್ಕೆ ಹೋಗಿ, ಅಲ್ಲಿ ರಾಜ-ರಾಣಿಯರಾಗಿ ಆಳಿ ಬಂದವರು ಇವರೇ. ಈಗ ಅದೇ ಲೋಕ ಮತ್ತೆ ಅವರನ್ನು ಸೆಳೆದುಕೊಳ್ಳುತ್ತದೆ. ಲೂಯಿಸ್ ಬರೆದಿಟ್ಟ ಕಾಲಪಟ್ಟಿಯ ಪ್ರಕಾರ ಅವರು ನಾರ್ನಿಯಾದಿಂದ ಕಣ್ಮರೆಯಾದದ್ದು ಅಲ್ಲಿನ 1015ನೇ ವರ್ಷದಲ್ಲಿ, ಮರಳಿದ್ದು 2303ರಲ್ಲಿ. ಇಂಗ್ಲೆಂಡಿನ ಒಂದು ವರ್ಷಕ್ಕೆ ಅಲ್ಲಿ 1,288 ವರ್ಷ!

ಭಾಗಿಸಿ ನೋಡಿ. ಇಲ್ಲಿನ ಒಂದು ದಿನಕ್ಕೆ ಅಲ್ಲಿ ಮೂರೂವರೆ ವರ್ಷ. ಒಂದು ಸೆಕೆಂಡಿಗೆ 21 ನಿಮಿಷ. ಮಕ್ಕಳು ಎಂಟು ಗಂಟೆ ನಿದ್ದೆ ಮಾಡಿ ಎದ್ದರೆ ಅಲ್ಲಿ ಹದಿನಾಲ್ಕು ತಿಂಗಳು ಮುಗಿದಿರುತ್ತದೆ. ನಾರ್ನಿಯಾದಲ್ಲಿ ಎಪ್ಪತ್ತು ವರ್ಷದ ತುಂಬುಬಾಳು ಬಾಳಿದವನ ಇಡೀ ಆಯುಷ್ಯ ಇಂಗ್ಲೆಂಡಿನ ಕ್ಯಾಲೆಂಡರಿನಲ್ಲಿ ಬರೀ ಇಪ್ಪತ್ತು ದಿನ.

ನಮ್ಮ ಭಾಗವತದ ಲೆಕ್ಕ ಇದಕ್ಕಿಂತ ಎಷ್ಟೋ ದೊಡ್ಡದು. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ಅಲ್ಲಿ ಸಂಗೀತ ಮುಗಿಯುವವರೆಗೆ ಕಾದ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು, ಎಂದರೆ 11,66,40,000 ವರ್ಷಗಳು, ಸರಿದುಹೋಗಿದ್ದವು. ಆ ಸಂಖ್ಯೆಯ ಮುಂದೆ ಮನಸ್ಸು ಕೈಮುಗಿದು ನಿಲ್ಲುತ್ತದೆ. ಲೂಯಿಸ್ ಆರಿಸಿಕೊಂಡ ಅಳತೆ ನೋಯಿಸುವಂಥದ್ದು. ಮಕ್ಕಳು ಮರಳಿ ಹೋದದ್ದು ನಮ್ಮ 1941ರಲ್ಲಿ; ಅಲ್ಲಿಂದ 1,288 ವರ್ಷ ಹಿಂದಕ್ಕೆ ಹೋದರೆ 653. ಇಂಗ್ಲೆಂಡ್ ಎಂಬ ಒಂದೇ ರಾಜ್ಯ ಇನ್ನೂ ಹುಟ್ಟಿರದ ಆಂಗ್ಲೋ-ಸ್ಯಾಕ್ಸನ್ನರ ಕಾಲ. ನಾರ್ನಿಯಾದಲ್ಲಿ ಮಕ್ಕಳ ಅರಮನೆಯಾಗಿದ್ದ ಕೇರ್ ಪ್ಯಾರವೆಲ್ ಪೂರ್ತಿ ಅಳಿದಿಲ್ಲ, ಗುರುತು ಸಿಗುವಷ್ಟು ಉಳಿದಿದೆ. ಮುಖ್ಯನಾಡಿಗೆ ಅಂಟಿಕೊಂಡಿದ್ದ ನೆಲ ದ್ವೀಪವಾಗಿದೆ. ತಾವೇ ನೆಡಿಸಿದ್ದ ಸೇಬಿನ ತೋಟ ಗೋಡೆಯವರೆಗೂ ನುಗ್ಗಿದೆ. ಮೊದಮೊದಲು ಇದು ತಮ್ಮದೇ ಮನೆ ಎಂದು ಮಕ್ಕಳಿಗೆ ಹೊಳೆಯುವುದಿಲ್ಲ. ಆಮೇಲೆ ಸೂಸನ್‌ಗೆ ಚದುರಂಗದ ಚಿನ್ನದ ಕುದುರೆಯೊಂದು ಸಿಗುತ್ತದೆ, ಅದರ ಒಂದು ಕಣ್ಣಿನ ಮಾಣಿಕ್ಯ ಬಿದ್ದುಹೋಗಿದೆ. ಹಿಂದೆ ಅವರೇ ಆಡುತ್ತಿದ್ದ ಕಾಯಿ ಅದು. ಮಕ್ಕಳ ಪುಸ್ತಕದಲ್ಲಿ ಕಾಲದ ಭಾರವನ್ನು ಇಷ್ಟು ಚಿಕ್ಕ ವಸ್ತುವಿನೊಳಗೆ ತುಂಬಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಗುಣಾಕಾರ ಸ್ಥಿರವೂ ಅಲ್ಲ. ಮೊದಲ ಸಲ ಹದಿನೈದು ವರ್ಷ ಆಳಿ ಹಿಂದಿರುಗಿದಾಗ ಇಲ್ಲಿ ಹೊತ್ತೇ ಕಳೆದಿರಲಿಲ್ಲ. ಪ್ರಿನ್ಸ್ ಕ್ಯಾಸ್ಪಿಯನ್‌ನ ನಂತರದ ಒಂದು ವರ್ಷಕ್ಕೆ ಅಲ್ಲಿ ಮೂರೇ ವರ್ಷ. ಅದರ ಮುಂದಿನ ಕೆಲವೇ ತಿಂಗಳಿಗೆ ಐವತ್ತು. ಎಲ್ಲ ಸೇರಿಸಿದರೆ ನಾರ್ನಿಯಾದ ಸೃಷ್ಟಿಯಿಂದ ಪ್ರಳಯದವರೆಗಿನ 2,555 ವರ್ಷಗಳು ಇಂಗ್ಲೆಂಡಿನ 1900–1949ರ ನಡುವೆ ಮುಗಿಯುತ್ತವೆ. ಹೋದವರು ಎಷ್ಟೇ ಚೆನ್ನಾಗಿ ಗಣಿತ ಬಲ್ಲವರಾದರೂ, ಬಿಟ್ಟುಬಂದ ಗೆಳೆಯ ಬದುಕಿದ್ದಾನೆಯೇ ಎಂದು ಲೆಕ್ಕಹಾಕಿ ತಿಳಿಯಲಾರರು.

ಸರಣಿಯ ಮೊದಲ ಪುಸ್ತಕ ಲಂಡನ್ನಿನಲ್ಲಿ ಹೊರಬಂದದ್ದು 1950ರ ಅಕ್ಟೋಬರ್ 16ರಂದು, ಎರಡನೆಯದು 1951ರ ಅಕ್ಟೋಬರ್ 15ರಂದು. ಆ ಕಾಲದ ಓದುಗ ಮಕ್ಕಳೂ ನಾರ್ನಿಯಾಕ್ಕೆ ಮರಳಲು ಕಾದದ್ದು ಹೆಚ್ಚುಕಡಿಮೆ ಒಂದೇ ವರ್ಷ.