ಬಯಲಿಗೆ ಕಿವಿಗೊಡುವ ಸಾಧನೆ

ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ದೃಷ್ಟಿಯನ್ನು ನಿಲ್ಲಿಸುವ ಬಗೆಯನ್ನು ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳಿಗೂ ಹೇಳಿಕೊಡುತ್ತೇವೆ. ಕಿವಿಯನ್ನು ನಿಲ್ಲಿಸುವ ಬಗೆಯನ್ನು ಹೇಳಿಕೊಡುವವರು ವಿರಳ. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಬಾಗಿಲಿಲ್ಲ. ತಾನಾಗಿಯೇ ಕೇಳುವ ಕಿವಿಗೆ ಶಿಕ್ಷಣವೇಕೆ ಎಂಬುದು ನಮ್ಮ ಎಣಿಕೆಯಿರಬೇಕು. ಆದರೆ ಕೇಳಿಸುವುದು ಬೇರೆ, ಕೇಳುವುದು ಬೇರೆ. ಹಕ್ಕಿಗಳನ್ನೂ ದುಂಬಿಗಳನ್ನೂ ಮಾತನಾಡಿಸಿ ತನ್ನ ಒಡೆಯನ ಸುಳಿವನ್ನು ವಿಚಾರಿಸಿದ ಅಕ್ಕಮಹಾದೇವಿಯು ಅವುಗಳ ಉತ್ತರಕ್ಕಾಗಿ ಒಂದಿಷ್ಟು ಹೊತ್ತು ಮೌನವಾಗಿ ನಿಂತಿರಲೇಬೇಕಲ್ಲವೆ?

ಚಿತ್ರದುರ್ಗ ಸೀಮೆಯೆಂದರೆ ಕಲ್ಲು, ಜಾಲಿ, ಬಿಸಿಲು, ಮತ್ತೇನೂ ಇಲ್ಲವೆಂದು ಪರಸ್ಥಳದವರು ಆಡಿಕೊಳ್ಳುವುದುಂಟು. ಶರಣರು ಪರವಸ್ತುವಿಗೇ ಬಯಲೆಂಬ ಹೆಸರನ್ನಿತ್ತರು; ಬಯಲುಸೀಮೆಯಲ್ಲಿ ಹುಟ್ಟಿದ ನಾವು ಮಾತ್ರ ಬಯಲೆಂದರೆ ಬರಿದೆಂದು ಒಪ್ಪಿಕೊಂಡುಬಿಟ್ಟೆವು. ಈ ಬಯಲು ಬರಿದೇ ಎಂಬುದನ್ನು ಪರೀಕ್ಷಿಸುವವರು ದುರ್ಗದ ದಕ್ಷಿಣಕ್ಕಿರುವ ಜೋಗಿಮಟ್ಟಿಯ ತಪ್ಪಲಿಗೆ, ಆಡುಮಲ್ಲೇಶ್ವರದ ಕಡೆಗೆ, ಸೂರ್ಯೋದಯಕ್ಕೆ ಮುನ್ನ ಹೋಗಿ ಕುಳಿತುಕೊಳ್ಳಬೇಕು. ಸುಮಾರು ೩೮೦೦ ಅಡಿ ಎತ್ತರದ ಆ ಬೆಟ್ಟ ಮತ್ತು ಸುತ್ತಣ ಕಾಡು ೨೦೧೫ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಚಿರತೆ, ಕರಡಿಗಳಿರುವ ಸ್ಥಳವಾದುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗಲಾಗದು, ಹೋಗಲೂ ಬಾರದು.

ಕುಳಿತ ಮೊದಲ ಐದು ನಿಮಿಷ ಕೇಳಿಸುವುದು ನಮ್ಮ ಉಸಿರು, ನಮ್ಮ ಬಟ್ಟೆಯ ಸರಬರ, ನಮ್ಮ ಮನಸ್ಸಿನ ಗಲಾಟೆ. ನಾವು ಬಂದೊಡನೆ ಬಾಯಿಮುಚ್ಚಿದ ಹಕ್ಕಿಗಳು ನಾವು ಅಲುಗುವುದನ್ನು ನಿಲ್ಲಿಸಿದ ಮೇಲೆಯೇ ಮತ್ತೆ ದನಿ ತೆಗೆಯುತ್ತವೆ. ಮೊದಲು ದೂರದ ನವಿಲು, ಆಮೇಲೆ ಪೊದೆಯ ಗೌಜಲಕ್ಕಿ, ಕಡೆಗೆ ಬಂಡೆಯ ಸಂದಿನ ಹುಲ್ಲಿನಲ್ಲಿ ಗಾಳಿಯಾಡುವ ಸೂಕ್ಷ್ಮವಾದ ಸುಯ್ಲು. ಬೆಳಗಿನ ಜಾವದಲ್ಲಿ ನೆಲದ ಮೇಲಣ ಗಾಳಿ ತಂಪಾಗಿದ್ದು ಮೇಲಿನ ಗಾಳಿ ಬೆಚ್ಚಗಿರುವುದರಿಂದ ಸದ್ದು ನೆಲದತ್ತಲೇ ಬಾಗಿ ಬಹುದೂರ ಸಾಗುತ್ತದೆ. ದೂರದ ಗುಡಿಯ ಗಂಟೆ ಮುಂಜಾನೆ ಮಾತ್ರ ನಮ್ಮ ಅಂಗಳಕ್ಕೆ ಕೇಳಿಬರುವುದಕ್ಕೂ ಇದೇ ಕಾರಣ.

ಇದು ಬರಿಯ ರಸಿಕತೆಯ ಮಾತೆಂದು ಕೆಲವರಿಗೆ ತೋರಬಹುದು. ಅವರು ಹಿರಿಯೂರಿನ ಮಾರಿಕಣಿವೆಯನ್ನು ನೆನೆಯಬೇಕು. ವೇದಾವತಿಗೆ ಅಡ್ಡಲಾಗಿ ೧೯೦೭ರಲ್ಲಿ ಪೂರ್ಣಗೊಂಡ ಆ ವಾಣಿವಿಲಾಸ ಸಾಗರವು ೧೩೦ ಅಡಿ ತುಂಬಿ ಕೋಡಿ ಬಿದ್ದದ್ದು ೧೯೩೩ರಲ್ಲಿ. ಅಲ್ಲಿಂದ ೮೯ ವರ್ಷ ಆ ಕೋಡಿ ಮೂಕವಾಗಿತ್ತು. ೨೦೨೨ರ ಸೆಪ್ಟೆಂಬರ್ ತಿಂಗಳಲ್ಲಿ ಅದು ಮತ್ತೆ ದುಮ್ಮಿಕ್ಕಿದಾಗ ಜನ ತಂಡೋಪತಂಡವಾಗಿ ನೋಡಲು ಹೋದರು. ಆ ಮೊರೆತವನ್ನು ಮೊದಲು ಕೇಳಿದ್ದವರು ಊರಿಗೊಬ್ಬರೂ ಉಳಿದಿರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಅಜ್ಜ ಕೇಳಿದ್ದನ್ನು ಮಗ ಕತೆಯಾಗಿ ಕೇಳಿದ. ಮೊಮ್ಮಗನಿಗೆ ಕತೆಯೂ ತಲುಪಲಿಲ್ಲ. ಇತ್ತ ಹಿನ್ನೀರಿನ ಬದಿಯ ಹೊಸದುರ್ಗ ತಾಲ್ಲೂಕಿನಲ್ಲಿ ತೋಟ ಹೊಲಗಳಿಗೆ ನೀರು ಹೊಕ್ಕು ರೈತರು ಕಂಗಾಲಾದರು. ಸಂಭ್ರಮಿಸಿದವರನ್ನಾಗಲಿ, ಗೋಳಿಟ್ಟವರನ್ನಾಗಲಿ ತಪ್ಪೆನ್ನಲಾಗದು. ಆದರೂ ಮೂರು ತಲೆಮಾರು ಒಂದು ಸದ್ದನ್ನು ಕೇಳದಿದ್ದರೆ ಆ ಸದ್ದಿನ ದಾರಿಯಲ್ಲಿಯೇ ಬದುಕು ಕಟ್ಟಿಕೊಳ್ಳುವುದು ಮನುಷ್ಯಸಹಜ. ೨೦೨೫ರ ಜನವರಿಯಲ್ಲಿ, ಭದ್ರೆಯ ನೀರಿನ ನೆರವೂ ಸೇರಿ, ಕೋಡಿ ಮತ್ತೆ ಬಿದ್ದಿತು. ಈಗಿನ ಮಕ್ಕಳಿಗೆ ಅದರ ದನಿಯ ಪರಿಚಯವಾಗಿದೆ. ಅವರು ಅದನ್ನು ನೆನಪಿಟ್ಟುಕೊಳ್ಳುವರೋ, ಮೊಬೈಲಿನಲ್ಲಿಟ್ಟು ಮರೆಯುವರೋ ಕಾಣೆ.

ಹೊಳಲ್ಕೆರೆಯ ಅಡಿಕೆ ಬೆಳೆಗಾರರಿಗೆ ಇನ್ನೊಂದು ಬಗೆಯ ಆಲಿಸುವಿಕೆ ಗೊತ್ತು. ರಾತ್ರಿಯ ಕರೆಂಟಿನಲ್ಲಿ ಮೋಟಾರು ಹಾಕಿ ಮಲಗಿದ ರೈತನ ಕಿವಿ ನಿದ್ರೆಯಲ್ಲಿಯೂ ಎಚ್ಚರವಾಗಿರುತ್ತದೆ. ಕೊಳವೆಬಾವಿಯ ನೀರು ತಗ್ಗಿದಾಗ ಪೈಪು ಗಾಳಿ ಕಾರುತ್ತ ತಡೆತಡೆದು ಉಗುಳುವ ಸದ್ದಿಗೆ ಅವನು ಥಟ್ಟನೆ ಎದ್ದು ಕೂರುತ್ತಾನೆ. ಕಳೆದ ದಶಕದ ಬರದಲ್ಲಿ ಟ್ಯಾಂಕರಿನ ನೀರು ಹೊಯ್ದು ತೋಟ ಉಳಿಸಿಕೊಂಡವರನ್ನು ಕೇಳಿದರೆ ಆ ಸದ್ದಿನ ಭಯವೇನೆಂದು ಹೇಳಿಯಾರು. ನೆಲ ತನ್ನ ಸಂಕಟವನ್ನು ಅದಕ್ಕಿಂತ ಎಷ್ಟೋ ಮೊದಲೇ, ಕೆರೆಯ ಕಪ್ಪೆಗಳ ಮೌನದಲ್ಲಿ ಹೇಳಿರುತ್ತದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಪರಂಪರೆ ನಮ್ಮದು. ನಮ್ಮ ಊರ ಕೆರೆಯಂಗಳಗಳಲ್ಲಿ ಇಂದು ಬಳ್ಳಾರಿ ಜಾಲಿ ಬೆಳೆದಿದೆ.

ಮೌನವೂ ಸುದ್ದಿಯೇ ಎಂಬುದಕ್ಕೆ ನೆರೆರಾಜ್ಯದ ಒಂದು ನಿದರ್ಶನವಿದೆ. ನಮ್ಮ ಗುಡ್ಡಗಳ ಮೇಲಿರುವಂತಹ ಗಾಳಿಯಂತ್ರಗಳೇ ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೧೮ರಲ್ಲಿ ಪ್ರಕಟಿಸಿದಂತೆ, ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ವಿರಳವಾಗಿ, ಅವುಗಳಿಗೆ ಆಹಾರವಾಗುವ ಓತಿಗಳು ಹೆಚ್ಚಿದ್ದವು. ವಿದ್ಯುತ್ತು ಬೇಡವೆಂದು ಹೇಳುವವನು ನಾನಲ್ಲ. ಆದರೆ ಗುಡ್ಡದ ಮೇಲೆ ಹದ್ದಿನ ಕೂಗು ನಿಂತರೆ ಅದನ್ನು ಗಮನಿಸುವವರೊಬ್ಬರಾದರೂ ಊರಿನಲ್ಲಿ ಇರಬೇಡವೆ?

ಆದುದರಿಂದ ಸದ್ಭಕ್ತ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟೆ. ಬೆಳಗಿನ ಪೂಜೆ ಮುಗಿದ ಮೇಲೆ ಕಾಲುಗಂಟೆ ಟಿ.ವಿ. ಹಾಕದೆ, ಮಕ್ಕಳನ್ನು ಜಗುಲಿಯ ಮೇಲೋ ಮಾಳಿಗೆಯ ಮೇಲೋ ಕೂರಿಸಿಕೊಳ್ಳಿರಿ. ಹೆಸರು ಕೇಳಬೇಡಿರಿ, ಪರೀಕ್ಷೆ ಮಾಡಬೇಡಿರಿ. ಎಷ್ಟು ದನಿ ಕೇಳಿತೆಂದು ಮಾತ್ರ ವಿಚಾರಿಸಿರಿ. ಮನೆಯ ಅಜ್ಜಿಯರು ಹತ್ತಿರವಿದ್ದರೆ ಇನ್ನೂ ಒಳಿತು. ಯಾವ ಹಕ್ಕಿಯ ಕೂಗಿಗೆ ಯಾವ ಮಳೆ ಎಂಬ ಲೆಕ್ಕ ಅವರಲ್ಲಿ ಇನ್ನೂ ಉಳಿದಿದೆ, ಕೇಳುವವರಿಲ್ಲದೆ ಅವರು ಹೇಳುವುದನ್ನು ಬಿಟ್ಟಿದ್ದಾರೆ. ಮುಂಗಾರಿನ ಮೊದಲ ಹದಮಳೆ ಬಿದ್ದ ರಾತ್ರಿ ದೀಪವಾರಿಸಿ ಬಾಗಿಲು ತೆರೆದಿಡಿರಿ. ಬೇಸಗೆಯುದ್ದಕ್ಕೂ ಮಣ್ಣಿನೊಳಗೆ ಹುದುಗಿದ್ದ ನೆಲಗಪ್ಪೆಗಳು ಆ ಒಂದು ರಾತ್ರಿಗಾಗಿ ಮೇಲೆದ್ದು ಬಂದು, ನಿಂತ ನೀರಿನ ಬಳಿ ಬೆಳಗಾಗುವವರೆಗೂ ಕೂಗುತ್ತವೆ.