ಕಂಟೇನರಿನ ಮೇಲಿನ ನಾಲ್ಕು ಅಂಕಿ

ತಿಪಟೂರಿನ ಕೊಬ್ಬರಿ ಅಪಾಯಕಾರಿ ಸರಕು ಎಂದರೆ ಅಲ್ಲಿನ ಬೆಳೆಗಾರರು ನಕ್ಕುಬಿಟ್ಟಾರು. ಆದರೆ ಹಡಗು ಹತ್ತಬೇಕೆಂದರೆ ಅದು ಅಪಾಯಕಾರಿ ಸರಕೇ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕೊಬ್ಬರಿಯ ಸಂಖ್ಯೆ 1363, ವರ್ಗ 4.2. ಯಾರೂ ಕಡ್ಡಿ ಗೀರದಿದ್ದರೂ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪು ಇದು. ನಮ್ಮ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಲ್ಲಿ ತಯಾರಾಗುವ ಮೀನಿನ ಹುಡಿಗೂ ಇದೇ ಸ್ವಭಾವ. ಅದರಲ್ಲಿ ಉಳಿದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕಾಯತೊಡಗುತ್ತದೆ. ಮುಚ್ಚಿದ ಉಕ್ಕಿನ ಕಂಟೇನರಿನಲ್ಲಿ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಅದಕ್ಕೇ ಎಣ್ಣೆ ಕೆಡದಂತೆ ತಡೆಯುವ ರಾಸಾಯನಿಕ ಬೆರೆಸಿದ ಹುಡಿಗೆ 2216, ಬೆರೆಸದ ಹುಡಿಗೆ 1374 ಎಂದು ಬೇರೆ ಬೇರೆ ಸಂಖ್ಯೆ, ಬೇರೆ ಬೇರೆ ನಿಯಮ.

ಈ ನಾಲ್ಕಂಕಿಯ ಸಂಖ್ಯೆಗಳನ್ನು ಹಡಗಿನ ಸರಕಿಗೆ ಅನ್ವಯಿಸುವ ಗ್ರಂಥದ ಹೆಸರು ಐಎಂಡಿಜಿ ಸಂಹಿತೆ, ಅಂದರೆ ಕಡಲಲ್ಲಿ ಸಾಗುವ ಅಪಾಯಕಾರಿ ಸರಕಿನ ಅಂತರರಾಷ್ಟ್ರೀಯ ನಿಯಮಾವಳಿ. 1965ರಲ್ಲಿ ರೂಪುಗೊಂಡ ಇದು 2004ರ ಜನವರಿ 1ರಿಂದ ಕಡ್ಡಾಯವಾಯಿತು. ಸ್ಫೋಟಕ, ಅನಿಲ, ಉರಿಯುವ ದ್ರವ, ವಿಷ, ವಿಕಿರಣ, ಆಮ್ಲ ಹೀಗೆ ಜಗತ್ತಿನ ಅಪಾಯಕಾರಿ ಸರಕನ್ನೆಲ್ಲ ಇದು ಒಂಬತ್ತು ವರ್ಗಗಳಲ್ಲಿ ಹಂಚಿದೆ. ಕಂಟೇನರಿನ ನಾಲ್ಕೂ ಬದಿಗೆ 25 ಸೆಂಟಿಮೀಟರಿನ ವಜ್ರಾಕಾರದ ಫಲಕ ಅಂಟಿಸಬೇಕು. ಯಾವ ವರ್ಗದ ಪಕ್ಕ ಯಾವುದನ್ನು ಇಡಬಾರದು, ಇಟ್ಟರೆ ಎಷ್ಟು ಅಂತರವಿರಬೇಕು ಎಂಬುದಕ್ಕೆ ಒಂದು ಕೋಷ್ಟಕವಿದೆ. ಸರಕು ಬರುವ ಮೊದಲೇ ಬಂದರಿಗೆ ಅದರ ಘೋಷಣಾ ಪತ್ರ ತಲುಪಬೇಕು. ತೊಳೆಯದ ಖಾಲಿ ಟ್ಯಾಂಕನ್ನೂ ತುಂಬಿದ್ದೆಂದೇ ಭಾವಿಸಬೇಕು, ಏಕೆಂದರೆ ಒಳಗಿನ ಆವಿ ಸಾಕು ಜೀವ ತೆಗೆಯಲು. ಅಪಾಯಕಾರಿ ಸರಕು ಹೊತ್ತ ಹಡಗು ಬಂದರಿನಲ್ಲಿರುವಾಗ ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ ತೋರಿಸಬೇಕು.

ಆ ಕೆಂಪು ಬಾವುಟ ಏರಬೇಕಾಗಿದ್ದ ದಿನ ಏರಲಿಲ್ಲ. 1944ರ ಏಪ್ರಿಲ್‌ನಲ್ಲಿ ಮುಂಬೈಯ ವಿಕ್ಟೋರಿಯಾ ಡಾಕಿಗೆ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಬಂತು. ಯುದ್ಧಕಾಲ. ಹೊಟ್ಟೆಯಲ್ಲಿ ಸುಮಾರು 1,400 ಟನ್ ಮದ್ದುಗುಂಡು. ಅದರ ಜೊತೆಗೇ ಕರಾಚಿಯಲ್ಲಿ ತುಂಬಿಸಿಕೊಂಡ ಸಾವಿರಾರು ಹತ್ತಿ ಅಂಡಿಗೆ. ಹತ್ತಿ ಮತ್ತು ಸ್ಫೋಟಕ ಒಂದೇ ಉಗ್ರಾಣದಲ್ಲಿರಬಾರದೆಂಬುದು ಆಗಲೂ ಗೊತ್ತಿದ್ದ ಸಂಗತಿ. 12ರಂದು ದಡ ಸೇರಿದ ಹಡಗಿನಲ್ಲಿ 14ರ ಮಧ್ಯಾಹ್ನವೂ ಸ್ಫೋಟಕ ಹಾಗೆಯೇ ಇತ್ತು. ಹತ್ತಿಗೆ ತಗುಲಿದ ಬೆಂಕಿಯ ಹೊಗೆ ಕಂಡು ಸುಮಾರು ಎರಡು ಗಂಟೆ ಕಾಲ ನೀರು ಹೊಡೆದರು. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು, ಅರ್ಧ ಗಂಟೆಯ ಬಳಿಕ ಮತ್ತೊಮ್ಮೆ. ದೂರದ ಶಿಮ್ಲಾದ ಭೂಕಂಪಮಾಪಕದಲ್ಲೂ ಆ ಕಂಪನ ದಾಖಲಾಯಿತು. ಸತ್ತವರು ಕಡಿಮೆಯೆಂದರೂ 800. ಅವರಲ್ಲಿ ನೀರಿನ ಕೊಳವೆ ಹಿಡಿದು ನಿಂತಿದ್ದ 66 ಅಗ್ನಿಶಾಮಕರ ನೆನಪಿಗೇ ದೇಶ ಇಂದಿಗೂ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ಆಚರಿಸುತ್ತದೆ.

ಬೈರೂತಿನದೂ ಅದೇ ಕತೆ. 2013ರಲ್ಲಿ ಬಂದ ಹಡಗಿನ 2,750 ಟನ್ ಅಮೋನಿಯಂ ನೈಟ್ರೇಟ್ ಬಂದರಿನ 12ನೇ ಗೋದಾಮಿನಲ್ಲಿ ವರ್ಷಗಟ್ಟಲೆ ಕೊಳೆಯಿತು. ಅದನ್ನು ಸಾಗಿಸಿ ಎಂದು ಪತ್ರದ ಮೇಲೆ ಪತ್ರ ಹೋದವು. 2020ರ ಆಗಸ್ಟ್ 4ರಂದು ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದ 10 ಮಂದಿಗೆ ಒಳಗೇನಿದೆ ಎಂದು ಹೇಳಿರಲಿಲ್ಲ. ಗೋದಾಮು ಸಿಡಿದು ಅವರೂ ಸೇರಿ 200ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಕಂಡು ಬೆಚ್ಚಿದ ನಮ್ಮವರು ಚೆನ್ನೈ ಬಳಿ 2015ರಿಂದ ಬಿದ್ದಿದ್ದ ಸುಮಾರು 700 ಟನ್ ನೈಟ್ರೇಟನ್ನು ಕೆಲವೇ ದಿನಗಳಲ್ಲಿ ಹೈದರಾಬಾದಿಗೆ ಸಾಗಿಸಿದರು. ಮರುವರ್ಷ ನಿಯಮವೂ ತಿದ್ದುಪಡಿಯಾಗಿ, ಬಂದರಿಗೆ ಬಂದ ನೈಟ್ರೇಟನ್ನು 500 ಮೀಟರ್ ಆಚೆಯ ದಾಸ್ತಾನಿಗೆ ಒಯ್ಯಬೇಕೆಂದಾಯಿತು. ಒಳ್ಳೆಯದೇ ಆಯಿತು. ಆದರೆ ಐದು ವರ್ಷ ಕಣ್ಣೆದುರೇ ಇದ್ದ ಸರಕನ್ನು ಕದಲಿಸಲು ಇನ್ನೊಂದು ನಗರ ಪುಡಿಯಾಗಬೇಕಾಯಿತು ಎಂಬುದು ನನ್ನ ಸಂಕಟ.

ಪುಸ್ತಕದಲ್ಲಿ ನಿಯಮಕ್ಕೇನೂ ಬರವಿರಲಿಲ್ಲ. ಒಳಗೇನಿದೆ ಎಂಬ ಸುದ್ದಿ ಬೆಂಕಿಯ ಮುಂದೆ ನಿಲ್ಲುವವನಿಗೆ ತಲುಪಲಿಲ್ಲ. ಆ ಸುದ್ದಿ ಏಕೆ ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ ನೋಡಿ. 2025ರ ಮೇ 25ರಂದು ಕೇರಳದ ಕಡಲಲ್ಲಿ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಹಡಗಿನಲ್ಲಿ 12 ಕಂಟೇನರ್ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಮಾವು ಹಣ್ಣು ಮಾಡಲು ಕಳ್ಳತನದಲ್ಲಿ ಬಳಸುತ್ತಾರಲ್ಲ, ಅದೇ ಕಾರ್ಬೈಡ್. ನೀರು ಸೋಕಿದರೆ ಅಸಿಟಿಲೀನ್ ಅನಿಲ ಹೊಮ್ಮಿಸಿ ಹೊತ್ತಿಕೊಳ್ಳುತ್ತದೆ. ಇಂಥ ಪೆಟ್ಟಿಗೆಗೆ ನೀಲಿ ಫಲಕ, 4.3 ಎಂಬ ವರ್ಗ, 1402 ಎಂಬ ಸಂಖ್ಯೆ. ಅದನ್ನು ಓದಿದ ಅಗ್ನಿಶಾಮಕ ನೀರಿನ ಕೊಳವೆ ಕೆಳಗಿಡುತ್ತಾನೆ. ಫಲಕ ಇಲ್ಲದಿದ್ದರೆ ನೀರನ್ನೇ ಹೊಡೆಯುತ್ತಾನೆ.

ಅದಾದ ಹದಿನೈದೇ ದಿನಕ್ಕೆ, ಜೂನ್ 9ರಂದು, ‘ವಾನ್ ಹೈ 503’ ಹಡಗು ಅದೇ ಕರಾವಳಿಯಾಚೆ ಹೊತ್ತಿ ಉರಿಯಿತು. 22 ಸಿಬ್ಬಂದಿಯಲ್ಲಿ ಬದುಕುಳಿದ 18 ಮಂದಿಯನ್ನು ಐಎನ್ಎಸ್ ಸೂರತ್ ಅಂದು ರಾತ್ರಿ ಕರೆತಂದಿದ್ದು ನಮ್ಮ ನವಮಂಗಳೂರು ಬಂದರಿಗೆ. ಕಚ್ಚಾತೈಲ, ಎಲ್‌ಪಿಜಿ ಇಳಿಯುವ ಬಂದರು ಅದು. ಬೈಕಂಪಾಡಿ, ಪಣಂಬೂರು, ತಣ್ಣೀರುಬಾವಿಯ ಮನೆಗಳು ಅದರ ಪಕ್ಕದಲ್ಲೇ ಇವೆ. ಸೈರನ್ ಕೂಗಿದರೆ ಯಾವ ದಿಕ್ಕಿಗೆ ನಡೆಯಬೇಕು ಎಂಬುದು ಅಲ್ಲಿನ ಶಾಲೆಯ ಮಗುವಿಗೂ ತುಳು, ಕನ್ನಡದಲ್ಲಿ ಗೊತ್ತಿರಬೇಕು. ಅಣಕು ಪ್ರದರ್ಶನ ಬಂದರಿನ ಗೇಟಿನೊಳಗೇ ಮುಗಿಯಬಾರದು.

ರಫ್ತು ಮಾಡುವ ಕನ್ನಡಿಗರಿಗೂ ಒಂದು ಮಾತು. ಸಂಹಿತೆ ಎರಡು ವರ್ಷಕ್ಕೊಮ್ಮೆ ಪರಿಷ್ಕಾರವಾಗುತ್ತದೆ. ಹಿಂದೆ ಪರೀಕ್ಷೆಯಲ್ಲಿ ಪಾಸಾಗಿ ಸಾಮಾನ್ಯ ಸರಕಾಗಿ ಹೋಗುತ್ತಿದ್ದ ಇದ್ದಿಲು 2026ರ ಜನವರಿ 1ರಿಂದ ಅಪಾಯಕಾರಿ ಸರಕೆಂದೇ ಘೋಷಿತವಾಗಿ ಹಡಗು ಹತ್ತಬೇಕು. ತೆಂಗಿನ ಚಿಪ್ಪಿನ ಇದ್ದಿಲಿಗೂ ವಿನಾಯಿತಿಯಿಲ್ಲ. ಬಾಡಿಗೆ ಉಳಿಸಲು ಬೇರೆ ಹೆಸರು ಬರೆದು ಸರಕು ಕಳಿಸುವುದು ವ್ಯಾಪಾರದ ಜಾಣ್ಮೆಯಲ್ಲ, ಕೊಲೆಗೆ ಸಮ. ಏಜೆಂಟರ ಕೈಗೆ ಕಾಗದ ಕೊಡುವ ಮುನ್ನ ನಿಮ್ಮ ಸರಕು ಪಟ್ಟಿಯಲ್ಲಿದೆಯೇ ಎಂದು ಕೇಳಿ. ಇದ್ದರೆ ಅದರ ನಿಜವಾದ ಹೆಸರು, ಸಂಖ್ಯೆ ಬರೆದೇ ಸಹಿ ಹಾಕಿ.